ಚೀಲದ ಕೂಳೂ ನಾಯಿಯ ಅನ್ನವೂ

ಸರಕು ಬರುವ ದಾರಿ ಸುಗಮವಾದಾಗ ಬೇಕಾದುದರ ಜೊತೆಗೆ ಬೇಡವಾದುದೂ ಬರುವುದು ಲೋಕರೂಢಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ ಶರಾವತಿಯ ನೀರು ಹಿಂದಕ್ಕೆ ಹರಡಿಕೊಂಡಿತು. ಆಮೇಲೆ ತುಮರಿಯ ಸೀಮೆಯವರು ಸಾಗರದ ಕಡೆಗೆ ಬರಬೇಕಾದರೆ ಬಹುಕಾಲ ಲಾಂಚನ್ನೇ ನಂಬಿಕೊಂಡಿರಬೇಕಾಯಿತು. ನೀರಿಳಿದ ಬೇಸಗೆಗಳಲ್ಲಿ ಆ ಲಾಂಚಿಗೆ ವಾಹನ ಹತ್ತಿಸುವುದೂ ನಿಂತುಹೋಗುತ್ತಿತ್ತು. 2025ನೆಯ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ರೋಗಿಗಳ, ವಿದ್ಯಾರ್ಥಿಗಳ, ಸಿಗಂದೂರಿನ ಯಾತ್ರಿಕರ ಬವಣೆ ತೀರಿತು. ಅದನ್ನು ಕುರಿತು ನಮಗೆ ಸಂತೋಷವಲ್ಲದೆ ಬೇರೊಂದು ಭಾವನೆಯಿಲ್ಲ. ಆದರೆ ಅದೇ ಸೇತುವೆಯ ಮೇಲೆ, ಅಕ್ಕಿಮೂಟೆ ಗೊಬ್ಬರದ ಮೂಟೆಗಳ ನಡುವೆ ಠೀವಿಯಿಂದ ಕುಳಿತು, ಥಳಥಳಿಸುವ ಒಂದು ಚೀಲವೂ ನಮ್ಮ ಮನೆಗಳ ಜಗಲಿಗೆ ಬರುತ್ತಿದೆ. ಅದರ ಮೇಲೆ ತೋಳನ ಮುಖವನ್ನು ಹೋಲುವ ಪರದೇಶದ ನಾಯಿಯ ಚಿತ್ರ. ಒಳಗೆ ಕಡಲೆಗಿಂತ ದೊಡ್ಡವೂ ಗೋಲಿಗಿಂತ ಚಿಕ್ಕವೂ ಆದ ಕಂದು ಬಣ್ಣದ ಒಣ ಉಂಡೆಗಳು. ಇದು ನಾಯಿಯ ಆಹಾರವಂತೆ. ಇದಲ್ಲದೆ ಬೇರೊಂದನ್ನು ನಾಯಿಗೆ ಹಾಕತಕ್ಕದ್ದಲ್ಲವಂತೆ. ಅನ್ನವನ್ನು ಹಾಕುವವರು ಹಳ್ಳಿಯ ಗಮಾರರಂತೆ.

ಸಾಹಿತ್ಯಸಂಘದ ಪತ್ರಿಕೆಯಲ್ಲಿ ನಾಯಿಯ ಕೂಳಿನ ಮಾತೇ ಎಂದು ಮೂಗು ಮುರಿಯುವ ವಾಚಕರಿಗೆ ನಾವು ಆತಕೂರಿನ ಕಲ್ಲನ್ನು ಜ್ಞಾಪಿಸುತ್ತೇವೆ. ಹತ್ತನೆಯ ಶತಮಾನದ ನಡುವೆ, ಗಂಗರ ಬೂತುಗನ ಕಾಲದಲ್ಲಿ, ಮಣಲೇರನೆಂಬ ವೀರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಬೇರೇನನ್ನೂ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದವು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಪೂಜಿಸತಕ್ಕ ಗೊರವನು ಕಲ್ಲಿಗೆ ಪೂಜೆ ಮಾಡದೆ ತಾನು ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಅದೇ ಶಾಸನ ವಿಧಿಸುತ್ತದೆ. ಮದ್ದೂರಿನ ಸೀಮೆಯ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಪಾಲು ಸಲ್ಲದೆ ಮನುಷ್ಯನ ಊಟ ಸಲ್ಲದೆಂಬ ಭಾವನೆ ಕನ್ನಡನಾಡಿಗೆ ಹೊಸದೂ ಅಲ್ಲ, ಹಗುರವೂ ಅಲ್ಲ. ವೈಶ್ವದೇವದ ಬಲಿಹರಣದಲ್ಲಿ ಶ್ಯಾಮ, ಶಬಲರೆಂಬ ಯಮನ ನಾಯಿಗಳ ಹೆಸರಿನಲ್ಲಿ ಅನ್ನವಿಡುವ ಮನೆಗಳು ನಮ್ಮ ಸೀಮೆಯಲ್ಲಿ ಈಗಲೂ ಕೆಲವು ಉಂಟು. ಮಂತ್ರದ ನಾಯಿಗೆ ಬಿಸಿಯನ್ನ, ಅಂಗಳದ ನಾಯಿಗೆ ಚೀಲದ ಉಂಡೆ ಎಂಬ ಈ ಏರ್ಪಾಡು ಆ ಮನೆಯವರಿಗೆ ವಿಚಿತ್ರವಾಗಿ ತೋರದಿರುವುದೇ ವಿಚಿತ್ರ.

ಚೀಲದ ಪಕ್ಷದವರ ವಾದವನ್ನು ಮೊದಲು ಕೇಳೋಣ. ನಾಯಿಯೆಂದರೆ ತೋಳನ ವಂಶ. ಅದಕ್ಕೆ ಧಾನ್ಯವು ವಿಷಸಮಾನ. ಆದುದರಿಂದ ಅನ್ನವನ್ನು ಬಿಟ್ಟು ಕಾರ್ಖಾನೆಯ ಮಾಂಸಪ್ರಧಾನವಾದ ಆಹಾರವನ್ನೇ ಕೊಡತಕ್ಕದ್ದು ಎಂಬುದು ಅವರ ಒಂದನೆಯ ಮಾತು. ವಂಶದ ಮಾತೇನೋ ನಿಜ. ಆದರೆ 2013ರಲ್ಲಿ ಸ್ವೀಡನ್ ದೇಶದ ಉಪ್ಸಾಲಾದ ವಿದ್ವಾಂಸರು ನಾಯಿ ತೋಳಗಳ ವಂಶವಾಹಿಗಳನ್ನು ಹೋಲಿಸಿ ನೋಡಿ ಪ್ರಕಟಿಸಿದ ಸಂಗತಿಯನ್ನು ಇವರು ಚೀಲದ ಮೇಲೆ ಅಚ್ಚುಹಾಕಿಸುವುದಿಲ್ಲ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ಹುಟ್ಟಿಸುವ ವಂಶವಾಹಿಯ ಪ್ರತಿಗಳು ತೋಳನಲ್ಲಿ ಎರಡೇ ಇದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಕಂಡುಬಂದವು. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಬಾಲವಾಡಿಸಿಕೊಂಡು ಕುಳಿತದ್ದರ ಫಲವಾಗಿ ನಾಯಿಯ ಹೊಟ್ಟೆ ಅನ್ನಕ್ಕೆ ಒಗ್ಗಿಕೊಂಡಿದೆ. ಮುಧೋಳದ ಬೇಟೆನಾಯಿಯನ್ನೇ ನೋಡಬಹುದು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೆರೆದ ಆ ನಾಯಿಯನ್ನು, 2016ರಿಂದೀಚೆಗೆ ಸೈನ್ಯದವರು ಪರೀಕ್ಷಿಸಿ ಪಳಗಿಸಿದ ಆ ನಾಯಿಯನ್ನು, ಬಾಗಿಲುಕೋಟೆಯ ಸೀಮೆಯ ರೈತನು ಜೋಳ, ಗೋವಿನಜೋಳ, ಹಾಲುಗಳಿಂದಲೇ ಸಾಕಿಕೊಂಡು ಬಂದನು. ಮೊಲವನ್ನು ಬೆನ್ನಟ್ಟುವಾಗ ಅದರ ಕಾಲೇನೂ ಕುಂಟಲಿಲ್ಲ.

ಮತ್ತೂ ಒಂದು ಸೋಜಿಗವುಂಟು. ಧಾನ್ಯವನ್ನು ನಿಂದಿಸುವ ಈ ಚೀಲಗಳಲ್ಲಿ ಬಹಳಷ್ಟರ ಬೆನ್ನು ತಿರುವಿ ಸಣ್ಣಕ್ಷರವನ್ನು ಓದಿದರೆ ಮೊದಲಿಗೆ ಕಾಣುವುದು ಗೋವಿನಜೋಳ, ಗೋಧಿ, ಅಕ್ಕಿಯ ನುಚ್ಚು, ಸೋಯಾ ಹಿಂಡಿಗಳೇ. ಧಾನ್ಯವನ್ನು ನಿಜವಾಗಿಯೂ ಬಿಟ್ಟವರು ಅದರ ಜಾಗಕ್ಕೆ ಬಟಾಣಿ ಮಸೂರಗಳನ್ನು ತುಂಬಿದರು. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧಗಳ ಇಲಾಖೆಯು ಅಂಥ ಆಹಾರವನ್ನು ತಿಂದ ನಾಯಿಗಳಲ್ಲಿ ಹೃದಯವು ಹಿಗ್ಗುವ ಒಂದು ರೋಗದ ದೂರುಗಳು ಬರುತ್ತಿವೆಯೆಂದು ವಿಚಾರಣೆಗೆ ತೊಡಗಿತು. ಕಾರಣವು ಅದೇ ಎಂದು ಸಿದ್ಧವಾಗಿಲ್ಲ. ನಾವೂ ಹಾಗೆಂದು ಹೇಳುವುದಿಲ್ಲ. ಆದರೆ ಪರಿಪೂರ್ಣವೆಂದು ಚೀಲದ ಮೇಲೆ ಬರೆದಾಕ್ಷಣ ಶಾಸ್ತ್ರದ ಕೊನೆಯ ಮಾತು ಮುಗಿಯಿತೆಂದು ತಿಳಿಯುವವರು ಇಷ್ಟನ್ನಾದರೂ ಯೋಚಿಸಬೇಡವೆ?

ಈ ಚೀಲದ ಹುಟ್ಟಾದರೂ ಎಲ್ಲಿ? 1860ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಇಂಗ್ಲೆಂಡಿನಲ್ಲಿ ಗೋಧಿ, ತರಕಾರಿ, ಮಾಂಸದ ಒಣಸತ್ತ್ವಗಳನ್ನು ಕಲಸಿ ನಾಯಿಯ ಬಿಸ್ಕತ್ತನ್ನು ಮಾಡಿ ಮಾರಿದನು. ಕೊಂಡವರು ಬೇಟೆಯ ಷೋಕಿಯ ದೊರೆಗಳು. ಬಿಸಿ ಒತ್ತಡದ ಯಂತ್ರದಲ್ಲಿ ಹಿಟ್ಟನ್ನು ಹಿಂಡಿ ಉಬ್ಬಿಸುವ ಈಗಿನ ಉಂಡೆಯು 1950ರ ದಶಕದ್ದು. ಅನಂತರ ಅಮೆರಿಕದ ತಯಾರಕರ ಸಂಘವು, ಮನೆಯ ಊಟದ ಪಾಲನ್ನು ನಾಯಿಗೆ ಹಾಕುವುದು ಅಪಾಯವೆಂದು ಊರೂರಿಗೆ ಸಾರಿಸಿತು. ಅಂದರೆ ನಾಯಿಗೆ ಅನ್ನ ಹಾಕಬಾರದೆಂಬ ಈ ಮಹಾಸಿದ್ಧಾಂತಕ್ಕೆ ವಯಸ್ಸು ಒಬ್ಬ ಅಜ್ಜನಷ್ಟೂ ಆಗಿಲ್ಲ! ಅದನ್ನು ಮೊದಲು ಬೋಧಿಸಿದವರು ಯಾರು, ಬೋಧನೆಯಿಂದ ಲಾಭ ಹೊಂದಿದವರು ಯಾರು ಎಂಬುದನ್ನು ವಿದ್ಯಾವಂತರಾದ ನಮ್ಮ ಗೃಹಸ್ಥರು ಒಮ್ಮೆಯಾದರೂ ಕೇಳಿಕೊಳ್ಳಬಹುದಾಗಿತ್ತು.

ಕಾರ್ಖಾನೆಯಲ್ಲಿ ಮಾಡಿದ್ದೆಂದರೆ ನಿರಪಾಯವೆಂಬ ನಂಬಿಕೆಯೂ ಹೀಗೆಯೇ. 2007ರಲ್ಲಿ ಚೀನಾದಿಂದ ಬಂದ ಗೋಧಿಯ ಸತ್ತ್ವದಲ್ಲಿ ಮೆಲಮೈನ್ ಎಂಬ ರಾಸಾಯನಿಕವು ಬೆರೆತಿತ್ತು. ಅದನ್ನು ಸೇರಿಸಿ ಮಾಡಿದ ಆಹಾರವನ್ನು ತಿಂದು ಅಮೆರಿಕದಲ್ಲಿ ಅನೇಕ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಹತ್ತಾರು ಹೆಸರುಗಳ ಡಬ್ಬಿ ಚೀಲಗಳನ್ನು ಅಂಗಡಿಗಳಿಂದ ಹಿಂದಕ್ಕೆ ಕರೆಸಿಕೊಂಡರು. 2020ರ ಡಿಸೆಂಬರಿನಲ್ಲಿ ಅಲ್ಲಿಯೇ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಸೇರಿದ ಚೀಲಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ನೂರಕ್ಕಿಂತ ಹೆಚ್ಚು ನಾಯಿಗಳು ಸತ್ತವೆಂದು ವರದಿಯಾಯಿತು. ಬೂಷ್ಟಿನ ಮಾತು ಬಂದುದರಿಂದ ನಮ್ಮ ಮಳೆಗಾಲವನ್ನು ನೆನೆಯಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊಳೆಯಾಚೆಯ ಮನೆಗಳಲ್ಲಿ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಅಟ್ಟದ ಮೇಲಿನ ಹಳೆಯ ಅಡಕೆಗೂ ಬೂಷ್ಟು. ಹೊಗೆಯಟ್ಟಣಿಗೆಯ ಮೇಲೆ ಇಟ್ಟ ಹಪ್ಪಳವೇ ಮೆತ್ತಗಾಗುವ ಈ ಶೀತದಲ್ಲಿ, ಹತ್ತು ಕಿಲೋ ಚೀಲದ ಬಾಯನ್ನು ಒಡೆದು, ಜಗಲಿಯ ಮೂಲೆಯಲ್ಲಿ ಒರಗಿಸಿ, ತಿಂಗಳೊಪ್ಪತ್ತು ಅದರಿಂದಲೇ ಬೊಗಸೆ ಬೊಗಸೆ ತೆಗೆದು ಹಾಕುತ್ತಾರೆ. ಒಣ ಜಾಗದಲ್ಲಿಡಿರೆಂದು ಚೀಲದ ಮೇಲೆಯೇ ಬರೆದಿದೆ. ಆಷಾಢದಲ್ಲಿ ತುಮರಿಯಲ್ಲಿ ಒಣ ಜಾಗವೆಲ್ಲಿದೆಯೆಂಬುದನ್ನು ಬರೆದವರು ಬಂದು ತೋರಿಸಿಕೊಡಲಿ.

ಇಷ್ಟು ಕೇಳಿ ತಲೆದೂಗುತ್ತಿರುವ ಇನ್ನೊಂದು ಪಕ್ಷದವರುಂಟು. ನಾವು ಚೀಲಕ್ಕೆ ದುಡ್ಡು ಸುರಿಯುವವರಲ್ಲ, ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮನೆಯೂಟವೇ ಎಂದು ಎದೆಯುಬ್ಬಿಸುತ್ತಾರೆ. ಇವರ ಮೇಲೆ ನಮಗೆ ಹೆಚ್ಚಿನ ಮುನಿಸು. ನಾಯಿ ಹಸಿದಿತ್ತು, ಹಿಟ್ಟು ಹಳಸಿತ್ತು ಎಂಬ ಗಾದೆ ಇವರ ಹಿತ್ತಲಲ್ಲೇ ಹುಟ್ಟಿರಬೇಕು. ನಿನ್ನೆಯ ಹಳಸಿದ ಅನ್ನ, ಅದರ ಮೇಲೆ ಉಪ್ಪು ಹುಳಿ ಖಾರಗಳು ಕೂಡಿದ ಸಾರಿನ ಗಸಿ, ಎಲೆಯಂಚಿನ ಉಪ್ಪಿನಕಾಯಿ, ಹಬ್ಬದ ಮಾರನೆಯ ದಿನವಾದರೆ ಕರಿದ ಎಣ್ಣೆಯ ಕಿಟ್ಟ: ಇದು ಮನೆಯೂಟವಲ್ಲ, ಮನೆಯ ಕಸ. ಮುಸುರೆಯನ್ನು ಚೆಲ್ಲಲು ಗುಂಡಿ ತೋಡುವ ಶ್ರಮವನ್ನು ಉಳಿಸಿಕೊಳ್ಳುವುದಕ್ಕಾಗಿ ನಾಯಿಯನ್ನು ಕಟ್ಟಿದವರು ದಯೆಯ ಮಾತಾಡತಕ್ಕದ್ದಲ್ಲ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ; ಬೇಯಿಸಿದರೂ ಆ ಗುಣ ಹೋಗದು. ಪಾಯಸದ ಒಣದ್ರಾಕ್ಷಿಯು ಮೂತ್ರಪಿಂಡಕ್ಕೆ ಮಾರಕ. ಮಕ್ಕಳು ಮುದ್ದಿನಿಂದ ಕೊಡುವ ಚಾಕಲೇಟು ಹೃದಯಕ್ಕೆ ಕೆಡುಕು. ಬೇಯಿಸಿದ ಕೋಳಿಯ ಎಲುಬು ಸೀಳಾಗಿ ಕರುಳನ್ನು ಚುಚ್ಚುತ್ತದೆ. ಅಡಕೆಯ ಸೀಮೆಯವರಾದುದರಿಂದ ಇನ್ನೊಂದು ಮಾತು: ಅಡಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ತ್ವದ ಲವಣವನ್ನು ಹಿಂದೆ ಪಶುವೈದ್ಯರು ನಾಯಿಯ ಲಾಡಿಹುಳು ಬೀಳಿಸಲು ಕೊಡುತ್ತಿದ್ದರು. ಭೇದಿಯಾಗಿ ಹುಳು ಬೀಳುತ್ತಿತ್ತು; ಪ್ರಮಾಣ ಮೀರಿದರೆ ನಾಯಿಯೂ ಬೀಳುತ್ತಿತ್ತು. ಅಂಗಳದಲ್ಲಿ ಹರವಿದ ಅಡಕೆಯನ್ನು ಮರಿಯು ಕಚ್ಚುತ್ತಿದ್ದರೆ ನಕ್ಕು ಸುಮ್ಮನಿರಬಾರದು.

ನಮ್ಮ ವಾದವನ್ನು ನಮ್ಮ ಕಡೆಯವರೇ ಕೆಡಿಸಬಾರದೆಂದು ಇಷ್ಟು ಕಟುವಾಗಿ ಬರೆದೆವು. ಯಾಕೆಂದರೆ ಚೀಲದ ಪಕ್ಷದವರ ಬತ್ತಳಿಕೆಯಲ್ಲಿ ಒಂದು ನಿಜವಾದ ಬಾಣವಿದೆ. 2013ರಲ್ಲಿಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯವರು ಪುಸ್ತಕ ಜಾಲತಾಣಗಳಲ್ಲಿ ಹರಡಿದ್ದ 200 ಪಾಕಕ್ರಮಗಳನ್ನು ಪರೀಕ್ಷಿಸಿದರು. ನಾಯಿಗೆ ಮನೆಯಲ್ಲಿಯೇ ಬೇಯಿಸಿ ಹಾಕುವ ಆ ಅಡಿಗೆಗಳಲ್ಲಿ ನೂರಕ್ಕೆ 95ರಲ್ಲಿ ಯಾವುದಾದರೂ ಒಂದು ಅವಶ್ಯಕ ಪೋಷಕಾಂಶವಾದರೂ ಸಾಲದೆ ಬಂದಿತ್ತು. ಬರಿಯ ಅನ್ನ ಮಜ್ಜಿಗೆಯೇ ಸಾಕೆಂಬವರು ಇದನ್ನು ಎರಡು ಸಲ ಓದಬೇಕು. ಅನ್ನದಲ್ಲಿ ಸುಣ್ಣದ ಸತ್ತ್ವವಿಲ್ಲವೆಂದರೂ ಸರಿ; ಬರಿಯ ಮಾಂಸದಲ್ಲಿಯೂ ಅದು ತೀರ ಕಡಿಮೆ. ಸತುವು, ಅಯೊಡೀನು, ಡಿ ಮತ್ತು ಇ ಜೀವಸತ್ತ್ವಗಳು ಕೂಡ ಸಾಮಾನ್ಯವಾಗಿ ಕೊರೆಬೀಳುತ್ತವೆ. ಬಿಸಿಲಲ್ಲಿ ಮಲಗಿದರೂ ಮನುಷ್ಯನಂತೆ ಚರ್ಮದಲ್ಲಿ ಡಿ ಜೀವಸತ್ತ್ವವನ್ನು ಸಾಕಷ್ಟು ಮಾಡಿಕೊಳ್ಳುವ ಶಕ್ತಿ ನಾಯಿಗಿಲ್ಲ. ಅದು ಊಟದಿಂದಲೇ ಬರಬೇಕು. ಆದರೆ ಈ ಪರೀಕ್ಷೆಯಿಂದ ಸಿದ್ಧವಾಗುವುದು ಕೆಟ್ಟ ಅಡಿಗೆ ಕೆಟ್ಟದ್ದೆಂದಷ್ಟೇ ಹೊರತು, ಅಡಿಗೆಯೇ ಕೆಟ್ಟದ್ದೆಂದಲ್ಲ. ಎಳೆಗೂಸಿಗೆ ಬರಿ ಗಂಜಿ ಹಾಕಿ ಬಡಕಲಾಗಿಸಿದ ಮನೆಗಳುಂಟೆಂದು ಲೋಕದ ಮಕ್ಕಳಿಗೆಲ್ಲ ಡಬ್ಬಿಯ ಹಿಟ್ಟನ್ನೇ ಕಟ್ಟಳೆಮಾಡಲು ಯಾರೂ ಒಪ್ಪುವುದಿಲ್ಲವಷ್ಟೆ.

ಹಾಗಾದರೆ ಏನು ಮಾಡತಕ್ಕದ್ದು? 15 ಕಿಲೋ ತೂಗುವ, ತೋಟ ಅಂಗಳಗಳಲ್ಲಿ ಓಡಾಡುವ ನಮ್ಮ ಸೀಮೆಯ ಸಾಮಾನ್ಯ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಬೇಕು. ಮೆತ್ತಗೆ ಬೆಂದ ಅನ್ನ ಅರ್ಧದಷ್ಟಿರಲಿ. ಉಳಿದುದರಲ್ಲಿ ದೊಡ್ಡ ಪಾಲು ಮೊಟ್ಟೆ, ಎಲುಬು ತೆಗೆದ ಕೋಳಿ, ಅಥವಾ ಹಿನ್ನೀರಿನಲ್ಲಿ ಸಿಕ್ಕುವ ಮೀನನ್ನು ಬೇಯಿಸಿ ಮುಳ್ಳು ಬಿಡಿಸಿದ್ದು. ಮಿಕ್ಕುದು ಬೆಂದ ಹೆಸರುಬೇಳೆ, ಸಿಹಿಗುಂಬಳ, ಕ್ಯಾರೆಟ್ಟು, ಬಸಳೆಯಂಥವು, ಮೇಲೆ ಒಂದೆರಡು ಚಮಚ ಎಣ್ಣೆ. ಒಗ್ಗಿದ ನಾಯಿಗೆ ಮೊಸರು ಒಳ್ಳೆಯದು. ಖಾರವಿಲ್ಲ, ಹುಳಿಯಿಲ್ಲ, ಒಗ್ಗರಣೆಯಿಲ್ಲ. ಪೇಟೆಯ ಒಣಮೀನು ಉಪ್ಪಿನ ಗಣಿ, ಅದು ಬೇಡ. ಮೊಟ್ಟೆಯ ಚಿಪ್ಪನ್ನು ತೊಳೆದು, ಕುದಿಸಿ ಒಣಗಿಸಿ, ಮೈದಾದಷ್ಟು ನಯವಾಗಿ ಕುಟ್ಟಿ, ಆ ಪುಡಿಯನ್ನು ದಿನಕ್ಕೆ ಅರ್ಧ ಟೀ ಚಮಚ ಬೆರೆಸಿದರೆ ಸುಣ್ಣದ ಸತ್ತ್ವವು ಸುಮಾರು ಒಂದು ಗ್ರಾಮಿನಷ್ಟು ಸಿಕ್ಕಿ ಆ ಗಾತ್ರದ ನಾಯಿಗೆ ಸಾಕಾಗುತ್ತದೆ. ರಾಗಿಯಲ್ಲಿ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ಸುಣ್ಣವಿದೆಯೆಂದು ರಾಗಿ ಅಂಬಲಿಯನ್ನು ಹೊಗಳುವವರುಂಟು. ಹಾಕಲಿ, ಆದರೆ ಅದನ್ನೇ ನೆಚ್ಚಿಕೊಳ್ಳಬಾರದು, ಅದರಲ್ಲಿಯ ಫೈಟೇಟು ಆ ಸುಣ್ಣವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಸತುವು ಮೊದಲಾದುವುಗಳಿಗೆ ಪಶುವೈದ್ಯರನ್ನು ಕೇಳಿ ಖನಿಜ ಜೀವಸತ್ತ್ವಗಳ ಒಂದು ಮಿಶ್ರಣವನ್ನು ತರಿಸಿಕೊಳ್ಳುವುದು ಅಗತ್ಯ. ಸಾಗರದವರೆಗೆ ಹೋಗಲು ಈಗ ಸೇತುವೆಯಿದೆ. ಶಿವಮೊಗ್ಗೆಯಲ್ಲಿ ಪಶುವೈದ್ಯ ಮಹಾವಿದ್ಯಾಲಯವೇ ಇದೆ. ಬೆಳೆಯುವ ಮರಿಗೂ, ಬಸುರಿ ನಾಯಿಗೂ, ಮೂತ್ರಪಿಂಡದ ರೋಗ ಹಿಡಿದುದಕ್ಕೂ ಮೇಲಿನ ಪ್ರಮಾಣ ಸಲ್ಲದು. ಅವುಗಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ. ಅವರು ಚೀಲವನ್ನೇ ಹೇಳಿದರೆ ಆ ಚೀಲವನ್ನು ನಾವು ಆಕ್ಷೇಪಿಸುವುದಿಲ್ಲ.

ಚೀಲವನ್ನು ಬಿಡಿಸುವುದೂ ಒಂದೇ ದಿನದಲ್ಲಿ ಆಗತಕ್ಕ ಕೆಲಸವಲ್ಲ. ಮೊದಲ ಎರಡು ಮೂರು ದಿನ ಕಾಲುಪಾಲು ಅನ್ನ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಏಳರಿಂದ ಹತ್ತು ದಿನಗಳಲ್ಲಿ ಪೂರ್ಣವಾಗಿ ಬದಲಾಯಿಸಬೇಕು. ಅವಸರಪಟ್ಟವರ ನಾಯಿಗೆ ಭೇದಿಯಾಗುತ್ತದೆ. ಆಗ ಅವರು ಮನೆಯೂಟವನ್ನು ಬೈದು ಮತ್ತೆ ಅಂಗಡಿಗೆ ಹೋಗುತ್ತಾರೆ. ತಿಂಗಳಿಗೊಮ್ಮೆ ತೂಗಿ ನೋಡುವುದು ಕಷ್ಟವಲ್ಲ, ಅಡಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಕ್ಕುವಂತಿದ್ದರೆ ನಾಯಿ ಹದವಾಗಿದೆಯೆಂದರ್ಥ.

ಇನ್ನು ನಾವು ತಪ್ಪಿಸಿಕೊಂಡು ಹೋಗಲಾರದ ಪ್ರಶ್ನೆಯೊಂದಿದೆ. ಮೊಟ್ಟೆ ಮೀನುಗಳನ್ನು ಹೊಸ್ತಿಲೊಳಗೆ ತಾರದ ಮನೆಗಳು ಕರೂರು ಹೋಬಳಿಯಲ್ಲಿಯೂ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿಯೂ ಬೇಕಾದಷ್ಟಿವೆ. ಆ ಮನೆಗಳಲ್ಲಿ ಚೀಲವು ಜಯಿಸಿದುದಕ್ಕೆ ನಿಜವಾದ ಕಾರಣ ಪೋಷಕಾಂಶದ ಶಾಸ್ತ್ರವಲ್ಲ, ಮಡಿಯ ಶಾಸ್ತ್ರ. ಚೀಲದೊಳಗಿನ ಉಂಡೆಯಲ್ಲಿ ಕೋಳಿಯ ಮಾಂಸವಿದೆಯೆಂದು ಮೇಲೆ ಬರೆದಿದೆ. ಆದರೆ ಅದು ಕೋಳಿಯಂತೆ ಕಾಣುವುದಿಲ್ಲ, ನಾರುವುದಿಲ್ಲ, ಆದುದರಿಂದ ಜಗಲಿಯ ಕಪಾಟಿನಲ್ಲಿ ಪಂಚಾಂಗದ ಪಕ್ಕದಲ್ಲಿ ನಿರಾತಂಕವಾಗಿ ನಿಲ್ಲುತ್ತದೆ. ಕಣ್ಣು ಮುಚ್ಚಿ ಕುಡಿದ ಹಾಲಿನಂತೆ ಇದು. ಒಂದು ಮೊಟ್ಟೆಯನ್ನು ನಾಯಿಗಾಗಿ ಬೇಯಿಸಿದರೆ ಕೆಡುವ ಮಡಿಯು ಹತ್ತು ಕಿಲೋ ಚೀಲದಿಂದ ಕೆಡದಿರುವ ರಹಸ್ಯವನ್ನು ನಮಗೆ ಯಾರಾದರೂ ಶಾಸ್ತ್ರಜ್ಞರು ತಿಳಿಸಿಕೊಟ್ಟರೆ ಉಪಕಾರವಾದೀತು. ಮೊಟ್ಟೆ ಸರ್ವಥಾ ಆಗದೆಂಬವರು ಹೆಸರುಬೇಳೆ, ಮೊಸರು, ಪನೀರುಗಳಿಂದ ನಡೆಸಬಹುದು. ನಾಯಿಯು ಬೆಕ್ಕಿನಂತೆ ಮಾಂಸವಿಲ್ಲದೆ ಬದುಕಲಾರದ ಪ್ರಾಣಿಯಲ್ಲ. ಆದರೆ ಅಂಥ ಊಟವನ್ನು ಸಮತೋಲವಾಗಿಡುವುದು ಹೆಚ್ಚು ಕಷ್ಟ. ವೈದ್ಯರ ಸಲಹೆಯಿಲ್ಲದೆ ಅದಕ್ಕೆ ಕೈಹಾಕಬಾರದು. ಚಿಪ್ಪಿನ ಪುಡಿಯ ಬದಲು ಔಷಧದಂಗಡಿಯ ಸುಣ್ಣದ ಗುಳಿಗೆ ಬೇಕಾಗುವುದು. ಮಿಕ್ಕವರಿಗೆ ನಮ್ಮ ಸಲಹೆ ಸರಳ: ಮಲೆನಾಡಿನ ಮನೆಗೆ ಒಲೆ ಒಂದೇ ಅಲ್ಲ. ಅಡಿಗೆಮನೆಯ ಒಲೆ ಬೇರೆ, ಬಚ್ಚಲಿನ ಹಂಡೆಯ ಒಲೆ ಬೇರೆ.

ಬಚ್ಚಲೊಲೆಯ ಮಾತೆತ್ತಿದ್ದು ಮಡಿಯ ಸಲುವಾಗಿ ಮಾತ್ರವಲ್ಲ. ಮನೆಯಲ್ಲಿ ಬೇಯಿಸಿ ಹಾಕಿರೆಂದು ಬರೆಯುವ ಮಹನೀಯರೆಲ್ಲರೂ ಬೇಯಿಸುವವರು ಯಾರೆಂಬುದನ್ನು ಹೇಳದೆ ಲೇಖನಿಯನ್ನು ಕೆಳಗಿಡುತ್ತಾರೆ. ಬೆಳಗ್ಗೆ ದೋಸೆ, ಆಳುಗಳಿಗೆ ಆಸರಿ, ಮಧ್ಯಾಹ್ನದ ಅಡಿಗೆ, ಕೊಟ್ಟಿಗೆಗೆ ಅಕ್ಕಚ್ಚು ಇಷ್ಟನ್ನೂ ಹೊತ್ತ ಗೃಹಿಣಿಯ ತಲೆಯ ಮೇಲೆ ನಾಯಿಯ ಪಾಕವನ್ನೂ ಹೇರುವುದಾದರೆ ಆಕೆ ಚೀಲವನ್ನು ಬಯಸುವುದು ನ್ಯಾಯವೇ. ಆಗ ನಾವೂ ಆಕೆಯ ಪಕ್ಷ. ಪೇಟೆಯಿಂದ ಲ್ಯಾಬ್ರಡಾರಿನ ಮರಿಯನ್ನು ಎತ್ತಿಕೊಂಡು ಬಂದವರು ಮನೆಯ ಯಜಮಾನರು ಅಥವಾ ಬೆಂಗಳೂರಿನಿಂದ ರಜೆಗೆ ಬಂದ ಚಿರಂಜೀವಿಗಳು. ಹಂಡೆಗೆ ಬೆಂಕಿ ಹಾಕುವ ಕೆಲಸ ಅನೇಕ ಮನೆಗಳಲ್ಲಿ ಗಂಡಸರದೇ. ಅಡಕೆಸಿಪ್ಪೆಯ ಆ ಬೆಂಕಿಯ ಪಕ್ಕದಲ್ಲಿ ಒಂದು ಪಾತ್ರೆ ಇಟ್ಟರೆ, ಸ್ನಾನದ ನೀರು ಕಾಯುವಷ್ಟರಲ್ಲಿ ನಾಯಿಯ ಅನ್ನವೂ ಬೇಯುತ್ತದೆ. ಆರಿದ ಮೇಲೆ ಅಡಕೆಯ ಹಾಳೆಯಲ್ಲೋ ಅಂಗಳದ ಕಲ್ಲುಮರಿಗೆಯಲ್ಲೋ ಬಡಿಸಿ, ಉಳಿದರೆ ಸಂಜೆಗೆ ತಂಪುಪೆಟ್ಟಿಗೆಯಲ್ಲಿಟ್ಟು, ಮರಿಗೆಯನ್ನು ತೊಳೆದು ಕವುಚಿಡುವ ಕೆಲಸವೂ ಮರಿಯನ್ನು ತಂದವರದೇ.